ಅಣ್ಣನಿಗೆ ಹಾಕಿದ ಎಲೆ

ಡಿಸೆಂಬರ್ 16, ಮಂಗಳವಾರ, ಸಂಜೆ 6.10ಕ್ಕೆ ಆರಂಭ. ಹೇಳಿದವರು ತಾತ, ಬರೆದುಕೊಂಡವಳು ಮೊಮ್ಮಗಳಾದ ನಾನು. ಇಲ್ಲಿಂದ ಮುಂದೆ 'ನಾನು' ಎಂದರೆ ತಾತ.

ನಾನು ಚಿಕ್ಕವನಿದ್ದಾಗ ಯುದ್ಧವೆಂಬುದು ನಮ್ಮೂರಿಗೆ ಹೋಟೆಲಿನ ರೇಡಿಯೋದೊಳಗೆ ನಡೆಯುತ್ತಿತ್ತು. ಪಾಂಡವಪುರದಿಂದ ಚಿನಕುರಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ನಡೆದು ಬರಬೇಕಾದ ಊರು ಇದು. ಊರಿಗೆಲ್ಲ ಅದೊಂದೇ ರೇಡಿಯೋ. ವಡೆ ಕರಿಯುವ ಎಣ್ಣೆಯ ಹೊಗೆಯಲ್ಲಿ ಗಂಡಸರು ಬೀಡಿ ಹಿಡಿದು ನಿಂತು ಸುದ್ದಿ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಯುದ್ಧ ಬೇರೆ ಥರ ಕೇಳಿಸುತ್ತಿತ್ತು. ಮಧ್ಯಾಹ್ನ ಕಲ್ಲುಕ್ವಾರಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸಿದರೆ, ಒರಳಿನಲ್ಲಿ ಖಾರ ರುಬ್ಬುತ್ತಿದ್ದ ಅವ್ವನ ಕೈ ನಿಂತುಬಿಡುತ್ತಿತ್ತು. ಅದು ದಿನಾ ಸಿಡಿಯುವ ಬಂಡೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ನಿಲ್ಲುತ್ತಿತ್ತು. ನನ್ನ ಅಣ್ಣ ಮಿಲಿಟರಿಯಲ್ಲಿದ್ದ.

ನನಗೂ ಅಣ್ಣನಿಗೂ ಹದಿನೈದು ವರ್ಷ ಅಂತರ. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಮಕ್ಕಳು ಉಳಿದಿರಲಿಲ್ಲ. ಅಣ್ಣ ರಜೆಗೆ ಬಂದರೆ ಮನೆಯಲ್ಲಿ ಬೂಟು ಪಾಲಿಶಿನ ವಾಸನೆ ಬರುತ್ತಿತ್ತು. ಅವನು ಎದ್ದ ಕೂಡಲೇ ಕಂಬಳಿಯನ್ನು ನಾಲ್ಕು ಮೂಲೆ ಸರಿಯಾಗಿ ಕೂಡುವಂತೆ ಮಡಿಸುತ್ತಿದ್ದ. ನಾನೂ ಮಡಿಸುತ್ತಿದ್ದೆ. ನನ್ನದು ಯಾವತ್ತೂ ಸೊಟ್ಟಗೇ ಆಗುತ್ತಿತ್ತು. "ಲೇ, ಇದೇನ್ಲಾ ಮುದ್ದೆ ಕಟ್ದಂಗ್ ಕಟ್ಟಿದ್ದೀಯ" ಎಂದು ಅಣ್ಣ ನಗುತ್ತಿದ್ದ.

ಯುದ್ಧಕ್ಕೆ ಒಂದು ವರ್ಷ ಮೊದಲು ಅವನಿಗೆ ಮದುವೆಯಾಯಿತು. ಅತ್ತಿಗೆ ಕೆ.ಆರ್. ಪೇಟೆ ಕಡೆಯವಳು. ಮದುವೆಯ ರಜೆ, ಆಮೇಲೆ ಇನ್ನೊಂದು ರಜೆ, ಅಷ್ಟೇ ಅವರಿಬ್ಬರು ಒಂದು ಮನೆಯಲ್ಲಿ ಇದ್ದದ್ದು. ಉಳಿದ ದಿನಗಳಲ್ಲೆಲ್ಲ ಅತ್ತಿಗೆ ನನ್ನ ಜೊತೆಗಾತಿ. ಹುಣಸೆ ಬೀಜ ಹುರಿದು ಕೊಡುತ್ತಿದ್ದಳು, ನಾನು ಸ್ಲೇಟಿನ ಮೇಲೆ ಬರೆದದ್ದನ್ನು ತಾನೂ ಬರೆದು ಕಲಿಯುತ್ತಿದ್ದಳು.

ಇವತ್ತು ನಿಮ್ಮ ಶಾಲೆಯಲ್ಲಿ ವಿಜಯ ದಿವಸ ಎಂದು ಆಚರಿಸಿದಿರಲ್ಲ, ಮೊದಲ ಸಲ ಆ ಗೆಲುವಿನ ಸುದ್ದಿ ಬಂದದ್ದು 1971ರಲ್ಲಿ, ಇದೇ ಡಿಸೆಂಬರ್ ಹದಿನಾರರಂದು. ಮಾರನೆಯ ದಿನ ಮೇಷ್ಟ್ರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಾಗದದ ಬಾವುಟ ಕೊಟ್ಟು, ಚಿನಕುರಳಿಯವರೆಗೂ ನಡೆಸಿದರು. ಕೈಗೆ ಒಂದೊಂದು ಪೆಪ್ಪರಮೆಂಟು. ಗೆದ್ದವನು ನನ್ನ ಅಣ್ಣ, ಮಿಕ್ಕವರದು ಬರೀ ಬಾವುಟ ಎಂದುಕೊಂಡು ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ. ಮನೆಗೆ ಬರುವಷ್ಟರಲ್ಲಿ ಗಂಟಲು ಕಟ್ಟಿತ್ತು. ಅತ್ತಿಗೆ ನಗುತ್ತಾ ಬಿಸಿನೀರಿಗೆ ಮೆಣಸು ಹಾಕಿ ಕುಡಿಸಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಅಪ್ಪ ಅದನ್ನು ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದ, ನಾನೂ ಹಿಂದೆ ಹೋದೆ. ಮೇಷ್ಟ್ರು ಎರಡು ಸಲ ಓದಿಕೊಂಡು, "ಪತ್ತೆಯಾಗಿಲ್ಲ ಅಂತ ಬರ್ದವ್ರೆ" ಅಂದರು.

"ಅಂಗಂದ್ರೆ ಅವ್ನೆ ಅಂತಲೋ, ಇಲ್ಲ ಅಂತಲೋ?" ಅಪ್ಪ ಕೇಳಿದ.

"ಎರಡೂ ಅಲ್ಲ ಕಣಪ್ಪ."

"ಎರಡೂ ಅಲ್ದೆ ಇನ್ನೇನ್ ಸ್ವಾಮಿ ಇರ್ತದೆ?"

ಮೇಷ್ಟ್ರು ಕಾಗದ ಮಡಿಸಿ ವಾಪಸು ಕೊಟ್ಟರು.

ಮಗು ಹುಟ್ಟಿದರೆ ಏನು ಮಾಡಬೇಕು, ಮನುಷ್ಯ ಸತ್ತರೆ ಏನು ಮಾಡಬೇಕು ಎಂಬುದು ನಮ್ಮೂರಿನ ಪ್ರತಿ ಮನೆಗೂ ಗೊತ್ತಿತ್ತು. ಪತ್ತೆಯಾಗದಿದ್ದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಹೂಳಲು ದೇಹವಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಗೆ ಬಿಡಲು ಬೂದಿಯಿಲ್ಲ. ಹನ್ನೊಂದನೇ ದಿನ ಎಂದು ಎಣಿಸಲು ಮೊದಲನೇ ದಿನವೇ ಇಲ್ಲ. ಅತ್ತಿಗೆ ಎಂದಿನಂತೆ ಕುಂಕುಮ ಇಟ್ಟುಕೊಂಡು, ಹೂ ಮುಡಿದುಕೊಂಡು ನಾಲೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಅವಳು ಮೆಟ್ಟಿಲು ಇಳಿದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಅವಳು ಹಿಂಡಿ ಹೊರಟ ಮೇಲೆ ಮತ್ತೆ ಶುರುವಾಗುತ್ತಿತ್ತು. ಅವಳ ಜೊತೆ ಹೋಗುತ್ತಿದ್ದ ನನಗೆ ಆ ಎರಡೂ ಕೇಳಿಸುತ್ತಿತ್ತು.

ಹೀಗೇ ಬೇಸಿಗೆ ಕಳೆಯಿತು, ಮಳೆ ಬಂತು, ಗದ್ದೆ ನಾಟಿಯಾಯಿತು. ಮಹಾಲಯ ಅಮಾವಾಸ್ಯೆ ಬಂತು.

ನಮ್ಮ ಕಡೆ ಅದನ್ನು ಮಾರಲಮಿ ಅನ್ನುತ್ತೇವೆ. ಮನೆಯಲ್ಲಿ ಸತ್ತ ಹಿರಿಯರೆಲ್ಲ ಆ ಒಂದು ದಿನ ಊಟಕ್ಕೆ ಬರುತ್ತಾರೆ ಎಂಬ ನಂಬಿಕೆ. ನಡುಮನೆಯನ್ನು ಸಾರಿಸಿ, ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತೇವೆ. ಎಲೆಯ ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತೇವೆ. ಇದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಸಾಂಬ್ರಾಣಿ ಹಾಕಿ, ಅಡ್ಡಬಿದ್ದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದುಕೊಳ್ಳುತ್ತೇವೆ. ಬದುಕಿರುವವರು ನೋಡುತ್ತಾ ಕೂತರೆ ಸತ್ತವರು ಬರುವುದಿಲ್ಲವಂತೆ. ಅವರು ಉಂಡು ಹೋಗುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆದು, ಕಾಗೆಗೆ ಒಂದು ಎಡೆ ಇಟ್ಟು, ಆಮೇಲೆ ದಾಯಾದಿಗಳೆಲ್ಲ ಕೂತು ಉಣ್ಣಬೇಕು.

ಆ ದಿನ ಬೆಳಿಗ್ಗೆ ಅಪ್ಪ ಪಾಂಡವಪುರಕ್ಕೆ ಹೋಗಿ ಎಡೆಯ ಬಟ್ಟೆ ತಂದ. ಜಗುಲಿಯ ಮೇಲೆ ಗಂಟು ಬಿಚ್ಚಿದ. ಅವನ ಅವ್ವನಿಗೆ ಒಂದು ಸೀರೆ, ಅವನ ಅಪ್ಪನಿಗೆ ಒಂದು ಪಂಚೆ, ಸತ್ತುಹೋದ ಎರಡು ಮಕ್ಕಳಿಗೆ ಅಂಗೈಯಗಲದ ಬಟ್ಟೆ. ಅವುಗಳ ಕೆಳಗೆ ಒಂದು ಬಿಳಿ ಅಂಗಿ ಇತ್ತು. ಕಾಲರಿನದು, ದೊಡ್ಡವರ ಅಳತೆಯದು. ನಮ್ಮ ಸತ್ತವರಲ್ಲಿ ಕಾಲರಿನ ಅಂಗಿ ತೊಟ್ಟವರು ಒಬ್ಬರೂ ಇರಲಿಲ್ಲ.

ಅತ್ತಿಗೆ ಒಲೆಯ ಮುಂದೆ ಕಜ್ಜಾಯ ಕರಿಯುತ್ತಿದ್ದಳು. ಸೌಟು ಕೆಳಗಿಟ್ಟು ಎದ್ದು ಬಂದಳು.

"ಮಾವ, ಇದ್ಯಾರ್ಗೆ?"

"ಒಲೆ ನೋಡ್ಕೊ ಕಣವ್ವ, ಸೀದೋಗ್ತದೆ."

"ಇದ್ಯಾರ್ಗೆ ಅಂದೆ."

"ಗೊತ್ತಿದ್ದೂ ಗೊತ್ತಿದ್ದೂ ಕೇಳ್ತಾರಾ?"

"ಅವ್ರು ಬಂದ್ಮೇಲೆ ಕೊಡಾಕೆ ತಂದಿದ್ರೆ ಕೊಡಿ, ಟ್ರಂಕ್ನಲ್ಲಿ ಮಡಗ್ತೀನಿ."

ಅಪ್ಪ ಕೊಡಲಿಲ್ಲ. ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಅವನು ಕೋಪಿಸಿಕೊಂಡಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಅವನು ಮೆಲ್ಲಗೆ ಮಾತಾಡಿದ.

"ವರ್ಸ ಆಗ್ತಾ ಬಂತು. ಬದುಕಿದ್ರೆ ಒಂದ್ ಕಾಗ್ದ ಆಕ್ತಿರ್ನಿಲ್ವಾ? ಸತ್ತಿದ್ರೆ ಅವ್ನು ಅಸ್ಕೊಂಡವ್ನೆ ಕಣವ್ವ. ಎಲ್ರೂ ಒಳಕ್ ಬಂದು ಉಂಡೋಗೋ ದಿನ ನನ್ ಮಗ ಒಬ್ಬ ಬಾಗ್ಲಾಗೆ ನಿಂತಿರ್ಬೇಕಾ?"

"ಬದುಕಿರೋರ್ಗೆ ಎಡೆ ಇಕ್ಕುದ್ರೆ ನಾವೇ ಸಾಯ್ಸ್ದಂಗಲ್ವಾ ಮಾವ?"

"ಬದುಕಿದ್ರೆ ಒಂದೆಲೆ ಅನ್ನಕ್ಕೆ ಸಾಯಾಕಿಲ್ಲ ಅವ್ನು."

"ಅವ್ರು ಸಾಯಾಕಿಲ್ಲ. ನಾನು?"

ದಾಯಾದಿಗಳ ಮುಂದೆ ಒಂದು ಸಲ ಎಡೆ ಇಟ್ಟರೆ ಅಣ್ಣ ಸತ್ತನೆಂದು ಮನೆಯೇ ಒಪ್ಪಿಕೊಂಡಂತೆ. ಮಾರನೆಯ ದಿನವೇ ಊರ ಮುದುಕಿಯರು ಬಂದು ಅತ್ತಿಗೆಯ ಕುಂಕುಮ ಒರೆಸಿ, ಬಳೆ ಒಡೆದು ಹೋಗುತ್ತಿದ್ದರು. ಅವಳಿಗೆ ಹತ್ತೊಂಬತ್ತು ವರ್ಷ. ಇಡದಿದ್ದರೆ, ಅಪ್ಪನ ಲೆಕ್ಕದಲ್ಲಿ, ದೂರದ ಗಡಿಯಲ್ಲಿ ಸತ್ತ ಮಗ ಮನೆಯವರೆಗೆ ನಡೆದು ಬಂದು ಉಪವಾಸ ವಾಪಸು ಹೋಗುತ್ತಿದ್ದ. ಒಂಬತ್ತು ವರ್ಷದ ನನಗೆ ಇಬ್ಬರ ಮಾತೂ ಸರಿಯೆನಿಸಿತು. ಇವತ್ತಿಗೂ ಹಾಗೆಯೇ ಅನಿಸುತ್ತದೆ.

ಅತ್ತಿಗೆ ಅವ್ವನ ಕಡೆ ತಿರುಗಿದಳು. "ನೀವಾದ್ರೂ ಯೋಳಿ ಅತ್ತೆ."

ಅವ್ವ ಒರಳಿನಿಂದ ತಲೆ ಎತ್ತಲಿಲ್ಲ. "ಇಬ್ರೂ ಅವ್ನ್ಗೋಸ್ಕರಾನೇ ಕಿತ್ತಾಡ್ತಾ ಇದ್ದೀರಿ. ನಾನ್ ಯಾರ್ ಕಡೀಕ್ ಮಾತಾಡ್ಲಿ?"

ಅಷ್ಟರಲ್ಲಿ ಕಜ್ಜಾಯ ಸೀದ ವಾಸನೆ ಬಂತು. ಅತ್ತಿಗೆ ಒಳಗೆ ಹೋದಳು. ಅಪ್ಪ ನನ್ನ ಕೈಗೆ ಕುಡುಗೋಲು ಕೊಟ್ಟು, "ಎಲೆ ಕುಯ್ಕಂಡ್ ಬಾರ್ಲಾ. ಒಂದ್ ಜಾಸ್ತಿ ಕುಯ್ಯಿ" ಅಂದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪನ ಮನೆಯವರೂ ಮಿಕ್ಕ ದಾಯಾದಿಗಳೂ ಬಂದು ಅಂಗಳದಲ್ಲಿ ಸೇರಿದರು. ಒಳಗೆ ಸಗಣಿ ಸಾರಿಸಿದ ನೆಲ ಇನ್ನೂ ತಣ್ಣಗಿತ್ತು. ಕೋಳಿಸಾರಿನ ವಾಸನೆ, ಎಳ್ಳೆಣ್ಣೆ ದೀಪದ ವಾಸನೆ, ಸಾಂಬ್ರಾಣಿಯ ಹೊಗೆ. ಅಜ್ಜಿಯ ಎಲೆಯ ಮುಂದೆ ವೀಳ್ಯದೆಲೆ ಹೊಗೆಸೊಪ್ಪು, ಮಕ್ಕಳ ಎಲೆಗೆ ಕಡಲೆಪುರಿ ಬೆಲ್ಲ. ಕೊನೆಯ ಎಲೆಗೆ ಅವ್ವ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದಳು. ಹಬ್ಬದ ದಿನ ಬಸ್ಸಾರು ಯಾರೂ ಮಾಡುವುದಿಲ್ಲ. ಅಣ್ಣನಿಗೆ ಅದು ಕೋಳಿಸಾರಿಗಿಂತ ಹೆಚ್ಚು. ಅವ್ವ ಯಾರಿಗೂ ಹೇಳದೆ ಅದೊಂದನ್ನು ಬೇರೆ ಒಲೆಯಲ್ಲಿ ಮಾಡಿಟ್ಟಿದ್ದಳು. ಅದನ್ನು ಕಂಡು ಅತ್ತಿಗೆ ಅವ್ವನ ಮುಖ ನೋಡಿದಳು. ಅವ್ವ ನೋಡಲಿಲ್ಲ.

ಅಪ್ಪ ಬಿಳಿ ಅಂಗಿ ಇಟ್ಟ. ಆಮೇಲೆ ಸೊಂಟದಿಂದ ಒಂದು ಸಿಗರೇಟು ಪ್ಯಾಕೆಟ್ಟು ತೆಗೆದು ಅಂಗಿಯ ಮೇಲಿಟ್ಟ. ಅಣ್ಣ ಮಿಲಿಟರಿಯಲ್ಲಿ ಸಿಗರೇಟು ಕಲಿತಿದ್ದ. ರಜೆಗೆ ಬಂದಾಗ ಅಪ್ಪನಿಗೆ ಗೊತ್ತಾಗದಿರಲೆಂದು ಕಬ್ಬಿನ ಗದ್ದೆಯೊಳಕ್ಕೆ ಹೋಗಿ ಸೇದಿ, ಸೀಬೆಸೊಪ್ಪು ಅಗಿದುಕೊಂಡು ಬರುತ್ತಿದ್ದ. ಅಪ್ಪನಿಗೆ ಎಲ್ಲವೂ ಗೊತ್ತಿತ್ತು. ಯಾವ ಕಂಪನಿಯದು ಎಂಬುದೂ ಗೊತ್ತಿತ್ತು.

ಅಪ್ಪ ಒಂದೊಂದು ಎಲೆಯ ಮುಂದೆಯೂ ಧೂಪ ಎತ್ತಿ, ಹೆಸರು ಹಿಡಿದು ಕರೆದ. ಕೊನೆಯ ಎಲೆಯ ಮುಂದೆ ಬಾಯಿ ತೆರೆದ. ಹೆಸರು ಹೊರಡಲಿಲ್ಲ. "ಬಾ ಮಗ" ಎಂದಷ್ಟೇ ಅಂದ.

ಎಲ್ಲರೂ ಅಂಗಳಕ್ಕೆ ಬಂದೆವು. ಅಪ್ಪ ಬಾಗಿಲು ಎಳೆದುಕೊಂಡ. ಹೊರಗೆ ಸಣ್ಣ ಚಳಿ, ಗದ್ದೆಯ ಕಡೆಯಿಂದ ಕಪ್ಪೆಗಳ ಸದ್ದು. ಹಸಿದ ಮಕ್ಕಳೆಲ್ಲ ಬಾಗಿಲನ್ನೇ ನೋಡುತ್ತಿದ್ದೆವು. ದೊಡ್ಡಪ್ಪನ ಮಗ, ನನ್ನ ಓರಗೆಯವನು, "ಇನ್ನೂ ಎಷ್ಟೊತ್ತಪ್ಪಾ?" ಅಂದ.

"ಇರ್ಲಾ," ಅಂದ ದೊಡ್ಡಪ್ಪ. "ನಿಮ್ ತಾತ ಬೊಚ್ಚುಬಾಯೋನು. ಕೋಳಿ ಕಾಲು ಚೀಪಾಕೆ ವಸಿ ಟೇಮ್ ಬ್ಯಾಡ್ವಾ ಅವಯ್ಯಂಗೆ?"

ಎಲ್ಲರೂ ನಕ್ಕರು. ಅಪ್ಪನೂ ತುಟಿ ಅಲ್ಲಾಡಿಸಿದ. ಅತ್ತಿಗೆ ಎಲ್ಲಿ ಎಂದು ಯಾರೂ ನೋಡಲಿಲ್ಲ. ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿರಬೇಕು ಎಂದು ನಾನು ಅಂದುಕೊಂಡೆ.

ಹೊತ್ತಾದ ಮೇಲೆ ಅಪ್ಪ ಕೆಮ್ಮಿದ. ಒಳಗಿರುವ ಹಿರಿಯರಿಗೆ ನಾವು ಬರುತ್ತಿದ್ದೇವೆಂದು ತಿಳಿಸುವ ಕೆಮ್ಮು ಅದು. ಬಾಗಿಲು ತಳ್ಳಿದ.

ಅತ್ತಿಗೆ ಕೊನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡು ಕೂತು ಉಣ್ಣುತ್ತಿದ್ದಳು. ಹಿತ್ತಿಲ ಬಾಗಿಲಿನಿಂದ ಬಂದಿದ್ದಳು. ಅಣ್ಣನ ಮುದ್ದೆ ಮುಗಿಯುತ್ತಾ ಬಂದಿತ್ತು. ದೀಪದ ಬೆಳಕಿನಲ್ಲಿ ಅವಳು ಆತುರವಿಲ್ಲದೆ ಒಂದು ತುತ್ತು ಮುರಿದು, ಬಸ್ಸಾರಿನಲ್ಲಿ ಅದ್ದಿ, ನುಂಗಿದಳು. ಆಮೇಲೆ ನಮ್ಮ ಕಡೆ ನೋಡಿದಳು.

"ಏನ್ ಮಾಡ್ಬುಟ್ಟೆ ಮಗಳೆ" ಎಂದಳು ಅವ್ವ.

"ಕಾದೆ ಅತ್ತೆ," ಅಂದಳು ಅತ್ತಿಗೆ. "ನೀವೆಲ್ಲಾ ಒರ್ಗೋದಾಗ್ನಿಂದ ಇಲ್ಲೇ ಕೂತು ಕಾದೆ. ಸತ್ತೋರೆಲ್ಲಾ ಬಂದು ಉಣ್ತಾರೆ ಅಂದ್ರಲ್ಲ ಮಾವ? ಅವ್ರು ಬರ್ನಿಲ್ಲ. ಸತ್ತಿದ್ರೆ ಬತ್ತಿದ್ರು. ಅವ್ರು ಊರಲ್ಲಿಲ್ದಾಗ ಅವ್ರ ಪಾಲು ನಂದೇ ಅಲ್ವಾ, ಅದ್ಕೇ ನಾನುಂಡೆ."

ಸಾಂಬ್ರಾಣಿಯ ಕೆಂಡ ಚಿಟಿಲ್ಲೆಂದಿತು. ದೊಡ್ಡಪ್ಪ ಹೊಸ್ತಿಲು ದಾಟಲಿಲ್ಲ. "ಒಂದೆಲೆ ಎಂಜ್ಲಾದ್ರೆ ಎಲ್ಲಾ ಎಲೇನೂ ಎಂಜ್ಲಾದಂಗೆ. ಇರೀಕರ್ಗೆ ಎಂಜ್ಲು ಇಕ್ಕಿದ ಮನೇಲಿ ನಾವ್ ಕೈ ತೊಳ್ಯಾಕಿಲ್ಲ. ಏಳ್ರಪ್ಪ" ಅಂದ. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು ಹೊರ‍ಟರು. ದೊಡ್ಡಪ್ಪನ ಮಗ ಕಜ್ಜಾಯದ ಮಂಕರಿಯನ್ನು ತಿರುಗಿ ತಿರುಗಿ ನೋಡುತ್ತಾ ಹೋದ.

ಅಪ್ಪ ಅತ್ತಿಗೆಯನ್ನು ಬೈಯಲಿಲ್ಲ. ಅವಳೆದುರು ಕುಕ್ಕರುಗಾಲಿನಲ್ಲಿ ಕೂತ. "ಬದುಕಿರೋರು ಕಣ್ಬುಟ್ಕಂಡು ಅಡ್ಡ ಕೂತಿದ್ರೆ ಸತ್ತೋರು ಎಂಗ್ ಬಂದಾರು? ಬಾಗ್ಲುಗಂಟ ಬಂದಿದ್ದ ನನ್ ಮಗ. ನಿನ್ನ ನೋಡಿ ಒಂಟೋಗವ್ನೆ. ಅಸ್ಕೊಂಡೇ ಒಂಟೋಗವ್ನೆ" ಅಂದ. "ನಿಂಗೆ ನಿನ್ ಬಳೆ ದೊಡ್ಡದಾಯ್ತು."

ಅಪ್ಪ ಅತ್ತಿಗೆಯ ಜೊತೆ ಆಡಿದ ಕೊನೆಯ ಮಾತು ಅದು. ಮಕ್ಕಳೇ, ಆ ದಿನ ಎಂದು ಹೇಳುತ್ತಿಲ್ಲ. ಅವನ ಜೀವಮಾನದಲ್ಲಿ ಕೊನೆಯ ಮಾತು.

ಅವ್ವ ಚೊಂಬಿನಲ್ಲಿ ನೀರು ತಂದು ಅತ್ತಿಗೆಯ ಕೈಗೆ ಹುಯ್ದಳು. ನಮ್ಮ ಮನೆಯಲ್ಲಿ ಅತ್ತೆ ಸೊಸೆಗೆ ಕೈ ತೊಳೆಯಲು ನೀರು ಹುಯ್ದದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಆ ಇಡೀ ಹಬ್ಬದಡುಗೆಯನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಕಜ್ಜಾಯವನ್ನು ಎಮ್ಮೆಗಳ ಮುಂದೆ ಸುರಿದರು. ಕೋಳಿಸಾರನ್ನು ಹಿತ್ತಿಲಲ್ಲಿ ಗುಂಡಿ ತೆಗೆದು ಚೆಲ್ಲಿದರು. ನನಗೆ ಹಸಿವಾಗಿತ್ತು ಎಂಬುದನ್ನು ಯಾರಿಗೂ ಹೇಳಲು ಧೈರ್ಯ ಬರಲಿಲ್ಲ.

ಮುದುಕಿಯರು ಬಳೆ ಒಡೆಯಲು ಬರಲಿಲ್ಲ. ಎಡೆ ಎಂಜಲಾದ ಮೇಲೆ ಅದು ಎಡೆಯಲ್ಲ, ಹಾಗಾಗಿ ಅಣ್ಣ ಸತ್ತದ್ದೂ ನಿಶ್ಚಯವಲ್ಲ ಎಂದು ಊರು ತೀರ್ಮಾನಿಸಿತು. ಅತ್ತಿಗೆ ಗೆದ್ದಳು. ಅಂಥ ಗೆಲುವು ಯಾರಿಗೂ ಬೇಡ. ಕೆ.ಆರ್. ಪೇಟೆಯಿಂದ ಅವಳ ಅಣ್ಣ ಬಂದು ಕರೆದ. "ಅವ್ರು ಬಂದ್ರೆ ಈ ಮನೆಗೇ ತಾನೇ ಬರೋದು" ಎಂದು ಅವನಿಗೆ ಊಟ ಹಾಕಿ ಕಳಿಸಿದಳು.

ಒಂದೇ ಮನೆಯಲ್ಲಿ ಮಾತಿಲ್ಲದೆ ಬದುಕುವುದು ಹೇಗೆಂದು ನಾನು ನೋಡಿದ್ದೇನೆ. ಅಪ್ಪ ನನ್ನ ಮುಖ ನೋಡಿಕೊಂಡು, "ಮಗ, ನಿಮ್ಮತ್ತಿಗೇಗೆ ಯೋಳು, ನೀರ್ ಕಾಯಿಸ್ಲಿ" ಅನ್ನುತ್ತಿದ್ದ. ಎದುರಿಗೇ ನಿಂತಿದ್ದ ಅತ್ತಿಗೆ, "ಕಾದೈತೆ ಅಂತ ಯೋಳಪ್ಪ" ಅನ್ನುತ್ತಿದ್ದಳು. ನನಗೆ ಮೀಸೆ ಬಂತು, ಮದುವೆಯಾಯಿತು, ನಿಮ್ಮಪ್ಪ ಹುಟ್ಟಿದ. ಅವರಿಬ್ಬರ ನಡುವಿನ ಮಾತು ನನ್ನ ಮೂಲಕವೇ ಸಾಗುತ್ತಿತ್ತು. ಅಪ್ಪ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು ಅತ್ತಿಗೆ. ಅಪ್ಪ ಬಾಯಿ ತೆರೆಯುತ್ತಿದ್ದ, ಕುಡಿಯುತ್ತಿದ್ದ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಪ್ರತಿ ಮಾರಲಮಿಗೂ ಅವನ ಎಡೆಯ ಅಡುಗೆ ಮಾಡುತ್ತಿರುವವಳು ಅವಳೇ. ಉಪ್ಪು ಸ್ವಲ್ಪ ಮುಂದಾಗಿ ಹಾಕುತ್ತಾಳೆ, ಅಪ್ಪನಿಗೆ ಹಾಗೇ ಬೇಕಿತ್ತು. ಅಣ್ಣನಿಗೆ ಮತ್ತೆ ಎಲೆ ಹಾಕಲಿಲ್ಲ.

ಪಟ್ಟಣದಲ್ಲಿ ನಮ್ಮ ಕಡೆಯ ಹುತಾತ್ಮರ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವಾಗ ನಮ್ಮ ಮನೆಗೂ ಕೇಳಲು ಬಂದಿದ್ದರು. ಹೆಸರು ಕೆತ್ತಬೇಕಾದರೆ ಸತ್ತದ್ದಕ್ಕೆ ಹೆಂಡತಿಯ ಒಪ್ಪಿಗೆ ಬೇಕು ಅಂದರು. ಅತ್ತಿಗೆ ಬಂದವರಿಗೆ ಕಾಫಿ ಕೊಟ್ಟಳು, ಒಪ್ಪಿಗೆ ಕೊಡಲಿಲ್ಲ. ಹಾಗಾಗಿ ಆ ಕಲ್ಲಿನ ಮೇಲೆ ಅಣ್ಣನಿಲ್ಲ. ಬದುಕಿ ಬಂದವರ ಸಾಲಿನಲ್ಲೂ ಇಲ್ಲ.

ಈಗ ನಿಮ್ಮ ಕಾಲಕ್ಕೆ ಬರುತ್ತೇನೆ. ನಮಗೆ ಸತ್ತವರನ್ನು ನೆನೆಯಲು ಇದ್ದದ್ದು ಮಾರಲಮಿ ಒಂದೇ. ಅದರಲ್ಲಿ ಅನ್ನವಿತ್ತು, ಎಂಜಲಿತ್ತು, ಜಗಳವಿತ್ತು. ನಿಮಗೆ ಶಾಲೆಯಲ್ಲಿ ಒಂದು ದಿನವಿದೆ. ಎದೆಗೆ ಚುಚ್ಚಿಕೊಳ್ಳಲು ಪುಟ್ಟ ಬಾವುಟವಿದೆ, ಮೈಕಿದೆ, ಬಣ್ಣದ ಚಾರ್ಟಿದೆ, ಎರಡು ನಿಮಿಷದ ಮೌನವಿದೆ. ಅದು ಒಳ್ಳೆಯದೇ. ಇಂಥವರು ನಮಗಾಗಿ ಹೋದರು ಎಂದು ಒಂದು ಮಗು ಕಾಲು ಜೋಡಿಸಿ ನಿಲ್ಲುವುದು ತಪ್ಪಲ್ಲ. ಇವತ್ತು ನಮ್ಮ ಚಿಕ್ಕವನು ಎರಡನೇ ತರಗತಿಯಲ್ಲಿ ಕೂತಿದ್ದಾಗ, ಮನೆಯಲ್ಲಿ ಯಾರಾದರೂ ಯುದ್ಧಕ್ಕೆ ಹೋಗಿದ್ದರಾ ಎಂದು ಟೀಚರ್ ಕೇಳಿದರಂತೆ. ಇವನು ಕೈ ಎತ್ತಿ, ನಮ್ಮ ತಾತನ ಅಣ್ಣ ಹೋಗಿದ್ದರು, ವಾಪಸು ಬರಲಿಲ್ಲ ಅಂದನಂತೆ. ಅವರು ಪಾಪ ಹೆಸರು ಬರೆದುಕೊಂಡು ಹುತಾತ್ಮರ ಜೊತೆ ಸೇರಿಸಿ ಮೈಕಿನಲ್ಲಿ ಓದಿದರು. ಇಡೀ ಶಾಲೆ ಎದ್ದು ನಿಂತಿತು.

ಮಧ್ಯಾಹ್ನ ಇವನು ವ್ಯಾನಿನಿಂದ ಇಳಿದವನೇ ಬ್ಯಾಗು ಬಿಸಾಡಿ ಅತ್ತಿಗೆಯ ಹತ್ತಿರ ಓಡಿದ. ಅವಳು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ದೊಡ್ಡಜ್ಜೀ, ನಿಮ್ಮ ಯಜಮಾನ್ರಿಗೆ ನಾವು ಎರಡು ನಿಮಿಷ ಸುಮ್ನೆ ನಿಂತ್ಕೊಂಡ್ವಿ" ಅಂದ.

"ಎಸ್ರು ಕೂಗುದ್ರಾ?"

"ಮೈಕಲ್ಲಿ."

"ಪೂರ್ತಿ ಎಸ್ರು?"

"ಹ್ಞೂಂ. ನಾನೇ ಹೇಳಿಕೊಟ್ಟೆ."

"ಎಷ್ಟ್ ಜನ ನಿಂತಿದ್ರಿ?"

"ಎಲ್ಲಾರೂ. ಆಯಾನೂ ನಿಂತಿದ್ರು."

ಅತ್ತಿಗೆ ಅವನ ತಲೆಗೆ ಅಂಟಿದ್ದ ಒಣಹುಲ್ಲು ತೆಗೆದಳು. ಬೈಯಲಿಲ್ಲ. ಸ್ವಲ್ಪ ಹೊತ್ತು ಅವರೆಕಾಯಿ ಸುಲಿದಳು, ಆಮೇಲೆ ಮೊರ ಅಲ್ಲೇ ಬಿಟ್ಟು ಎಮ್ಮೆ ಕೊಟ್ಟಿಗೆಯ ಕಡೆ ಹೋಗಿ ಕೂತಳು. ನಾನು ಹಿಂದೆ ಹೋಗಲಿಲ್ಲ. ಅಪ್ಪನಿಗೆ ಅವಳು ಬಿಡದೇ ಇದ್ದದ್ದನ್ನು ಒಂದು ಮಗು ಏನೂ ಅರಿಯದೆ, ಖುಷಿಯಿಂದ ಮಾಡಿಕೊಂಡು ಬಂದಿತ್ತು. ಅಪ್ಪ ಇದ್ದಿದ್ದರೆ ಸಂತೋಷಪಡುತ್ತಿದ್ದನೋ ಏನೋ. ನನಗೆ ಸಂತೋಷವಾಗಲಿಲ್ಲ. ಚಿಕ್ಕವನಿಗೆ ನೀನು ಮಾಡಿದ್ದು ತಪ್ಪು ಎನ್ನಲೂ ಆಗಲಿಲ್ಲ, ಸರಿ ಎನ್ನಲೂ ಆಗಲಿಲ್ಲ. ಅದಕ್ಕೇ ಇದನ್ನೆಲ್ಲ ಹೇಳಿದೆ. ಮುಂದಿನ ವರ್ಷ ಆ ಎರಡು ನಿಮಿಷ ನಿಂತಾಗ, ಸತ್ತವರ ಜೊತೆಗೆ, ಸತ್ತರೋ ಇಲ್ಲವೋ ಎಂದೇ ಗೊತ್ತಾಗದೆ ಹೋದವರು ಇದ್ದಾರೆ ಎಂಬುದು ನಿಮಗೆ ಗೊತ್ತಿರಲಿ. ಅಂಥವರ ಮನೆಗಳಲ್ಲಿ ಯುದ್ಧ ಯಾವ ತಾರೀಖಿಗೆ ಮುಗಿಯಿತೆಂದು ಯಾವ ಮೇಷ್ಟ್ರೂ ಹೇಳಲಾರರು.

ತಾತ ಹೇಳಿದ್ದು ಇಲ್ಲಿಗೆ ಮುಗಿಯಿತು. ಸಮಯ 7.40. ಇನ್ನು 'ನಾನು' ಎಂದರೆ ನಾನೇ.

ಬರೆದದ್ದನ್ನು ದೊಡ್ಡಜ್ಜಿಗೆ ಓದಿ ಹೇಳದೆ ಪತ್ರಿಕೆಗೆ ಕಳಿಸಬಾರದು ಎಂದು ತಾತ ಹೇಳಿದ್ದರು. ಕೊಟ್ಟಿಗೆಯ ದೀಪದ ಕೆಳಗೆ ಕೂತು ಓದಿದೆ. ದೊಡ್ಡಜ್ಜಿಗೆ ಈಗ ಎಪ್ಪತ್ತೆರಡು. ಒಂದು ಕಡೆ ಮಾತ್ರ ನನ್ನನ್ನು ತಡೆದರು. "ಆತುರ ಇಲ್ದೆ ಉಂಡೆ ಅಂತ ಬರ್ದಿದ್ದೀಯಲ್ಲ, ಸುಳ್ಳು. ಗಂಟ್ಲಲ್ಲಿ ಇಳೀತಿರ್ನಿಲ್ಲ" ಅಂದರು. ತಾತ ಹೊರಗಿನಿಂದ ಕಂಡದ್ದು ಹಾಗೆ, ಅದನ್ನು ಹಾಗೇ ಬಿಟ್ಟು ಇದನ್ನೂ ಬರೆದಿದ್ದೇನೆ.

ಕೊನೆಯಲ್ಲಿ ಓದುಗರನ್ನು ಒಂದು ಮಾತು ಕೇಳಲಾ ಎಂದು ಅವರನ್ನು ಕೇಳಿದೆ. ಹೆಸರು ಹಾಕಬೇಡ, ಇವತ್ತು ಮೈಕಿನಲ್ಲಿ ಕೂಗಿದ್ದೇ ಸಾಕು ಎಂದರು. ಗುರುತುಗಳನ್ನು ಮಾತ್ರ ಹೇಳಿದರು, ಅವರು ಹೇಳಿದ ಕ್ರಮದಲ್ಲೇ ನಾನು ಬರೆದುಕೊಂಡೆ.

"ಕಂಡೋರಿದ್ರೆ ಬರೀಲಿ ಅನ್ನು" ಅಂದರು.

"ಬದುಕಿದ್ದಾಗ ಕಂಡೋರಾ, ದೊಡ್ಡಜ್ಜಿ?"

ಅವರು ತುಂಬಾ ಹೊತ್ತು ಎಮ್ಮೆಯ ಬೆನ್ನು ಸವರುತ್ತಿದ್ದರು.

"ಎಂಗ್ ಕಂಡಿದ್ರೂ ಸರಿ ಕಣ್ ಮಗ" ಅಂದರು.

1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿದ್ದವರು, ಇಲ್ಲವೇ ಅವರ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ: ಅವರಿಗೆ ಆಗ ಇಪ್ಪತ್ನಾಲ್ಕು ವರ್ಷ. ಎತ್ತರ, ತೆಳ್ಳಗಿನ ಮೈ. ಎಡ ಹುಬ್ಬಿನ ಮೇಲೆ ಕ್ವಾರಿಯ ಕಲ್ಲಿನ ಚೂರು ಹಾರಿ ಆದ ಗಾಯದ ಗುರುತು. ಯಾವ ಊರು ಎಂದು ಕೇಳಿದರೆ ಮೈಸೂರು ಎನ್ನುತ್ತಿದ್ದರಂತೆ, ಮಾತು ಮಾತ್ರ ಮಂಡ್ಯದ್ದು. ಹಲ್ಲಿನ ಸಂದಿಯಿಂದ ಸಿಳ್ಳೆ ಹಾಕುತ್ತಿದ್ದರು. ಇಂಥ ಒಬ್ಬರನ್ನು ಕಂಡ ನೆನಪಿದ್ದರೆ ಈ ಪುಟ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಬರೆಯಿರಿ. ಹೇಗೆ ಕಂಡಿದ್ದರೂ ಸರಿ, ಇದ್ದದ್ದನ್ನು ಇದ್ದಂತೆ ಬರೆಯಿರಿ. ನಾನೇ ಓದಿ ಹೇಳುತ್ತೇನೆ.